ವೈದ್ಯಕೀಯ ಕಡತಗಳಿಗೆ ಯಾವ ಅಡಕ?

ಮಯೂರ್ ವಿಹಾರ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹಿರಿಯರ ಸ್ಕ್ಯಾನ್ ಚಿತ್ರಗಳನ್ನೂ ರಕ್ತಪರೀಕ್ಷೆಯ ವರದಿಗಳನ್ನೂ ಕರ್ನಾಟಕದ ವೈದ್ಯರಿಗೆ ಕಳುಹಿಸಬೇಕಾದಾಗ, ಅವೆಲ್ಲವನ್ನೂ ಅಡಕಗೊಳಿಸಿ ಒಂದೇ ಕಡತವಾಗಿಸುವುದು ಅನುಕೂಲಕರ. ಕಳುಹಿಸುವವರ ಗಣಕಯಂತ್ರ ವಿಂಡೋಸ್, ಸ್ವೀಕರಿಸುವವರದು ಮ್ಯಾಕ್ ಅಥವಾ ಲಿನಕ್ಸ್ ಆಗಿರಬಹುದು. ಕಡತವು ತೆರೆಯದಿದ್ದರೆ ವೈದ್ಯರ ಸಲಹೆಯೂ ತಡವಾಗುತ್ತದೆ.

ಆದುದರಿಂದ ಗಾತ್ರಕ್ಕಿಂತ ಸರ್ವತ್ರ ತೆರೆಯುವ ಗುಣವೇ ಮುಖ್ಯ. 1989ರಲ್ಲಿ ಫಿಲ್ ಕಾಟ್ಜ್ ರೂಪಿಸಿದ ಜಿಪ್ ವಿಧಾನದ ವಿವರಗಳು ಬಹಿರಂಗವಾದುದರಿಂದ ಅದು ಎಲ್ಲ ವ್ಯವಸ್ಥೆಗಳಲ್ಲೂ ಬೇರೂರಿತು. ಸೆವೆನ್-ಜಿಪ್ ವಿಧಾನವು ಅನೇಕ ವೇಳೆ ಇನ್ನಷ್ಟು ಕಿರಿದಾಗಿಸುವುದಾದರೂ, ವಿಂಡೋಸ್ ಅದನ್ನು ತಾನೇ ತೆರೆಯತೊಡಗಿದ್ದು 2023ರಲ್ಲಿ. ಹಳೆಯ ಯಂತ್ರಗಳಿಗೆ ಪ್ರತ್ಯೇಕ ತಂತ್ರಾಂಶ ಬೇಕು. ರಾರ್ ಕಡತವನ್ನು ರಚಿಸಲು ಪರವಾನಗಿಯುಳ್ಳ ತಂತ್ರಾಂಶ ಅವಶ್ಯಕ.

ಜಿಪ್ ಅಡಕದಿಂದ ಚಿತ್ರದ ಒಂದು ಚುಕ್ಕೆಯೂ ನಷ್ಟವಾಗದು. ಆದರೆ ಮೊದಲೇ ಅಡಕಗೊಂಡಿರುವ ಜೆಪೆಗ್ ಚಿತ್ರಗಳು ಅದರಿಂದ ಹೆಚ್ಚು ಕುಗ್ಗವು. ಜಿಪ್ ವಿಧಾನದಲ್ಲಿ ಯೂನಿಕೋಡ್ ಕಡತನಾಮಗಳಿಗೆ ಅವಕಾಶ ದೊರೆತದ್ದು 2006ರಲ್ಲಿ. ಹಳೆಯ ತಂತ್ರಾಂಶಗಳಲ್ಲಿ ಕನ್ನಡದ ಹೆಸರುಗಳು ವಿಕೃತಗೊಳ್ಳಬಹುದಾದುದರಿಂದ ಕಡತನಾಮಗಳಿಗೆ ರೋಮನ್ ಅಕ್ಷರಗಳನ್ನೂ ದಿನಾಂಕವನ್ನೂ ಬಳಸುವುದು ಕ್ಷೇಮ. ಕಳುಹಿಸುವ ಮುನ್ನ ಒಮ್ಮೆ ತೆರೆದು ಪರೀಕ್ಷಿಸುವುದೂ, ಮೂಲ ಕಡತಗಳನ್ನು ಕಾಪಾಡಿಕೊಳ್ಳುವುದೂ ವಿವೇಕ.