ಗೋಧಿ ಆಗದವರ ಶಾಂಪೂ, ಉಬಟನ್, ತುಟಿಬಣ್ಣ

"ಡಾಕ್ಟರ್ ಸಾಹೇಬರೇ, ಮಗಳಿಗೆ ಗೋಧಿ ಪೂರ್ತಿ ನಿಲ್ಲಿಸಿ ಎಂದಿದ್ದಾರೆ. ಮುಂದಿನ ತಿಂಗಳು ಅವಳ ನಿಕಾಹ್. ಮನೆಯಲ್ಲಿರುವ ಶಾಂಪೂ, ಕ್ರೀಮುಗಳನ್ನೆಲ್ಲ ಎಸೆಯಬೇಕೇ?" ಎಂದು ತಾಯಿಯೊಬ್ಬರು ಕೇಳಿದರು. ಎಸೆಯುವ ಮುಂಚೆ ಒಂದೊಂದನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ ಎಂದೆ: ಇದು ಬಾಯಿಗೆ ಹೋಗುತ್ತದೆಯೇ?

ಕಾಯಿಲೆ ಎಲ್ಲಿದೆ?

ಗೋಧಿ, ಬಾರ್ಲಿ (ಜವೆಗೋಧಿ) ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನ್ ಗ್ಲುಟೆನ್. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳು. ಕೆಲವರಿಗೆ ಮೊಣಕೈ, ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆಗಳೂ ಏಳುತ್ತವೆ. ಆದರೆ ಆ ಗುಳ್ಳೆಗಳಿಗೆ ಕಾರಣ ಹಚ್ಚಿಕೊಂಡ ಕ್ರೀಮಲ್ಲ, ತಿಂದ ಗೋಧಿ. ಗಾಯವಿಲ್ಲದ ಚರ್ಮದ ಮೂಲಕ ಗ್ಲುಟೆನ್ ಕರುಳನ್ನು ತಲುಪುವುದಿಲ್ಲ. ಅದರ ಕಣ ಅಷ್ಟು ದೊಡ್ಡದು.

ಯಾವುದನ್ನು ನೋಡಿ ಕೊಳ್ಳಬೇಕು?

ಲಿಪ್‌ಸ್ಟಿಕ್, ತುಟಿಯ ಮುಲಾಮು, ಟೂತ್‌ಪೇಸ್ಟ್, ಬಾಯಿ ಮುಕ್ಕಳಿಸುವ ದ್ರವ ಇವು ಮೊದಲ ಸಾಲಿನವು. ಕೈಗೆ ಹಚ್ಚುವ ಲೋಶನ್ ಎರಡನೆಯದು, ಏಕೆಂದರೆ ನಾವು ಊಟ ಮಾಡುವುದು ಕೈಯಿಂದ. ಬೆರಳು ಚೀಪುವ ಮಗುವಿದ್ದರೆ ಅದರ ಮೈಗೆ ಹಚ್ಚುವ ಕ್ರೀಮನ್ನೂ ನೋಡಿ. ತೊಳೆದು ಹೋಗುವ ಶಾಂಪೂ ಬಗ್ಗೆ ಹೆಚ್ಚಿನ ಚಿಂತೆ ಬೇಡ. ಸ್ನಾನದ ವೇಳೆ ಬಾಯಿ ಮುಚ್ಚಿಕೊಂಡರೆ ಸಾಕು.

ಲೇಬಲ್ಲಿನಲ್ಲಿ ಗೋಧಿಯು 'ಟ್ರಿಟಿಕಮ್ ವಲ್ಗೇರ್' ಅಥವಾ 'ಹೈಡ್ರೊಲೈಜ್ಡ್ ವೀಟ್ ಪ್ರೋಟೀನ್' ಎಂದೂ, ಬಾರ್ಲಿ 'ಹಾರ್ಡಿಯಮ್ ವಲ್ಗೇರ್' ಎಂದೂ, ರೈ 'ಸೆಕಾಲೆ ಸೀರಿಯಾಲೆ' ಎಂದೂ ಇರುತ್ತದೆ. ನಮ್ಮ ದೇಶದಲ್ಲಿ 'ಗ್ಲುಟೆನ್ ರಹಿತ' ಎಂದು ಬರೆಯಬೇಕಾದರೆ ಆಹಾರದ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಸೌಂದರ್ಯ ಸಾಧನಗಳಿಗೆ ಇಂಥ ಮಿತಿಯಿಲ್ಲ. ಹಾಗಾಗಿ ಮುಂದಿನ ದೊಡ್ಡಕ್ಷರಗಳಿಗಿಂತ ಹಿಂದಿನ ಸಣ್ಣಕ್ಷರಗಳನ್ನು ನಂಬಿ.

ಅಲರ್ಜಿಯ ಮಾತು ಬೇರೆ

ಗೋಧಿಯ ಅಲರ್ಜಿ ಇನ್ನೊಂದು ಕಾಯಿಲೆ. ಅದಿರುವವರಿಗೆ ಹಚ್ಚಿದ್ದೂ ತೊಂದರೆ ಕೊಡಬಹುದು. ಜಪಾನಿನಲ್ಲಿ ಹೈಡ್ರೊಲೈಜ್ಡ್ ಗೋಧಿ ಪ್ರೋಟೀನ್ ಬೆರೆಸಿದ ಸೋಪಿನಿಂದ ಮುಖ ತೊಳೆಯುತ್ತಿದ್ದ 2,000ಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಹಚ್ಚಿದೊಡನೆ ದದ್ದು, ಊತ ಬಂದರೆ ತೊಳೆದು ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಮನೆಯ ಸಾಮಾನು

ತಲೆಗೆ ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಮೆಂತ್ಯ. ಮುಖಕ್ಕೆ ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟು. ಇವುಗಳಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಕಡಲೆ ಬೀಸಿಸಿದರೆ ಗೋಧಿಯೂ ಜೊತೆಗೆ ಬರುತ್ತದೆ. ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳಿ. ಮದುಮಗಳ ಉಬಟನ್‌ಗೆ ಗೋಧಿಹಿಟ್ಟು, ಜವೆಹಿಟ್ಟು ಸೇರಿಸುವ ಮನೆಗಳಿವೆ. ಬದಲಿಗೆ ಕಡಲೆಹಿಟ್ಟು ಅಥವಾ ಅಕ್ಕಿಹಿಟ್ಟು ಹಾಕಿ. ಮುಖಕ್ಕೆ ಹಚ್ಚುವಾಗ ತುಟಿಯ ಹತ್ತಿರಕ್ಕೆ ಹೋಗದಿರಲಿ.

ನಮ್ಮ ಯುನಾನಿ ಔಷಧಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಲವು ಯೋಗಗಳಲ್ಲಿ ನಿಶಾಸ್ತಾ, ಅಂದರೆ ಗೋಧಿಯ ಪಿಷ್ಟ ಇರುತ್ತದೆ. ಆಶೆ ಜೌ ಬಾರ್ಲಿಯಿಂದಲೇ ಆಗುವುದು. ಇವು ನೇರವಾಗಿ ಹೊಟ್ಟೆಗೇ ಹೋಗುತ್ತವೆ. ಹಕೀಮರ ಬಳಿ ಹೋದಾಗ ನಾಡಿ ತೋರಿಸುವ ಮುಂಚೆ ಕಾಯಿಲೆಯ ಹೆಸರು ಹೇಳಿ.

ಕೊನೆಯದಾಗಿ, ಬರೀ ಅನುಮಾನದ ಮೇಲೆ ಗೋಧಿ ಬಿಡಬೇಡಿ. ಬಿಟ್ಟ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಕಾಯಿಲೆ ಖಚಿತವಾದರೆ ಪಥ್ಯ ಜೀವನಪರ್ಯಂತ. ಅದಕ್ಕೆ ಬದಲಾಗುವ ಔಷಧ ನನ್ನ ಬಳಿಯೂ ಇಲ್ಲ.

ಆ ತಾಯಿ ಕೊನೆಗೆ ಬದಲಿಸಿದ್ದು ಮಗಳ ಲಿಪ್‌ಸ್ಟಿಕ್, ಟೂತ್‌ಪೇಸ್ಟ್ ಮತ್ತು ಉಬಟನ್‌ನ ಹಿಟ್ಟು, ಮೂರನ್ನೇ. ಶಾಂಪೂ ಬಾಟಲಿ ಇದ್ದಲ್ಲೇ ಉಳಿಯಿತು.