ಹುಟ್ಟು ಹಿಡಿದ ಕೈಗೆ ಪೆನ್ನೂ ಬೇಕು

ದೋಣಿಯಲ್ಲಿ ಹುಟ್ಟು ಹಿಡಿದ ವರ್ಷಗಳನ್ನೂ ಆಮೇಲೆ ಕ್ರೀಡಾ ಸಂಘಗಳ ಸಮಿತಿಗಳಲ್ಲಿ ಕಡತ ಹಿಡಿದ ವರ್ಷಗಳನ್ನೂ ಒಟ್ಟಿಗಿಟ್ಟು ನೋಡಿದರೆ ನನ್ನ ಪಾಲಿಗೆ ಉಳಿಯುವ ಪಾಠ ಒಂದೇ. ಹುಡುಗಿಯೊಬ್ಬಳು ನೀರಿಗಿಳಿಯುವ ಎಷ್ಟೋ ಮೊದಲೇ ಅವಳ ಸೋಲು-ಗೆಲುವಿನ ದೊಡ್ಡ ಪಾಲು ಯಾವುದೋ ಸಭೆಯಲ್ಲಿ ತೀರ್ಮಾನವಾಗಿರುತ್ತದೆ. ಕೂಟದಲ್ಲಿ ಯಾವ ಸ್ಪರ್ಧೆಗಳಿರಬೇಕು, ಯಾವ ಅಳತೆಯ ದೋಣಿ ಕೊಳ್ಳಬೇಕು, ಶಿಬಿರಕ್ಕೆ ಎಷ್ಟು ಮಂದಿಯನ್ನು ಕರೆಯಬೇಕು ಎಂಬ ಸಾಲುಗಳನ್ನು ಬರೆಯುವವರು ಆ ಸಭೆಯಲ್ಲಿ ಕೂತವರು. ಹೆಣ್ಣುಮಕ್ಕಳನ್ನು ಆಟಕ್ಕೆ ಕರೆತಂದು ಆ ಸಭೆಯಿಂದ ಹೊರಗಿಟ್ಟರೆ ಆಟದಲ್ಲಿ ಅವರ ಜಾಗ ಯಾವತ್ತೂ ಇನ್ನೊಬ್ಬರ ಕೃಪೆಯ ಮೇಲೆ ನಿಂತಿರುತ್ತದೆ. ಇದನ್ನು ನನ್ನ ಅನಿಸಿಕೆ ಎಂದಷ್ಟೇ ಹೇಳಿ ನಿಲ್ಲಿಸಲಾರೆ. ಕೆನೋಯಿಂಗ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಈ ಕ್ರೀಡೆಯಲ್ಲಿ ಎರಡು ಬಗೆಯ ದೋಣಿಗಳಿವೆ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರು ತಳ್ಳುತ್ತೇವೆ. ವೇಗದ ಓಟದ ಕೆನೋದಲ್ಲಿ ಒಂದು ಮಂಡಿಯೂರಿ, ನಮ್ಮ ಹರಿಗೋಲಿನವರಂತೆ ಒಂದೇ ಅಲಗಿನ ಹುಟ್ಟು ಹಿಡಿದು, ಒಂದೇ ಬದಿಗೆ ಹಾಕುತ್ತೇವೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಎರಡೂ ಪದಕದ ಸ್ಪರ್ಧೆಗಳಾದವು, ಆದರೆ ಗಂಡಸರಿಗೆ ಮಾತ್ರ. 1948ರಲ್ಲಿ ಲಂಡನ್‌ನಲ್ಲಿ ಮಹಿಳೆಯರಿಗೆ ಕಯಾಕ್‌ನ ಒಂದೇ ಒಂದು ಸ್ಪರ್ಧೆ ಸಿಕ್ಕಿತು. 500 ಮೀಟರ್‌ನ ಆ ಸ್ಪರ್ಧೆಯನ್ನು ಡೆನ್ಮಾರ್ಕ್‌ನ ಕಾರೆನ್ ಹಾಫ್ ಗೆದ್ದರು. ಕೆನೋ ಸಿಗಲು 2021ರಲ್ಲಿ ನಡೆದ ಟೋಕಿಯೊ ಕೂಟದವರೆಗೆ ಕಾಯಬೇಕಾಯಿತು. 85 ವರ್ಷ! ಅದಕ್ಕೂ ಮುಂಚಿನ ರಿಯೊ ಕೂಟದಲ್ಲಿ ವೇಗದ ಓಟ ಮತ್ತು ಸ್ಲಾಲಂ (ರಭಸದ ನೀರಿನಲ್ಲಿ ಗೇಟುಗಳ ನಡುವೆ ಸಾಗುವ ಸ್ಪರ್ಧೆ) ಸೇರಿ 16 ಸ್ಪರ್ಧೆಗಳಿದ್ದವು. ಅವುಗಳಲ್ಲಿ 11 ಗಂಡಸರಿಗೆ, 5 ಮಹಿಳೆಯರಿಗೆ. ಹೆಣ್ಣುಮಕ್ಕಳ ತೋಳಿನ ಬಲ ರಿಯೊ ಮತ್ತು ಟೋಕಿಯೊ ನಡುವಿನ ಐದು ವರ್ಷಗಳಲ್ಲಿ ದಿಢೀರನೆ ಹುಟ್ಟಿಬರಲಿಲ್ಲ. ಬದಲಾದದ್ದು ಪಟ್ಟಿ.

ಇಷ್ಟು ಕಾಲ ತಡೆದು ನಿಲ್ಲಿಸಿದ್ದು ಯಾವ ಕಾರಣ? ಒಂದೇ ಬದಿಗೆ ಹುಟ್ಟು ಹಾಕುವುದು ಹೆಣ್ಣಿನ ದೇಹಕ್ಕೆ, ಮುಂದೆ ಹೆರಿಗೆಗೆ ತೊಂದರೆ ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಅದು ಸವೆದ ಮೇಲೆ ಸಭ್ಯವಾಗಿ ಕಾಣುವ ಇನ್ನೊಂದು ಕಾರಣ ಬಂತು: ಸ್ಪರ್ಧಿಸುವ ಮಹಿಳೆಯರೂ ದೇಶಗಳೂ ಕಡಿಮೆ. ಸಮಿತಿಯಲ್ಲಿ ಕೂತವರಿಗೆ ಇದು ತಳ್ಳಿಹಾಕಲಾಗದ ಮಾತಿನಂತೆ ಕೇಳಿಸುತ್ತದೆ. ಆದರೆ ಹಣ ಹರಿಯುವ ದಾರಿ ಬಲ್ಲವರಿಗೆ ಇದರ ಗಂಟು ಗೊತ್ತು. ಬಹುತೇಕ ದೇಶಗಳಲ್ಲಿ ತರಬೇತುದಾರರು, ದೋಣಿಗಳು, ಶಿಬಿರಗಳೆಲ್ಲ ಒಲಿಂಪಿಕ್ಸ್ ಪಟ್ಟಿಯ ಸ್ಪರ್ಧೆಗಳಿಗೇ ಮೀಸಲು. ಸ್ಪರ್ಧೆಯಿಲ್ಲದ್ದರಿಂದ ಹಣವಿಲ್ಲ, ಹಣವಿಲ್ಲದ್ದರಿಂದ ಆಟಗಾರ್ತಿಯರಿಲ್ಲ, ಆಟಗಾರ್ತಿಯರಿಲ್ಲದ್ದರಿಂದ ಸ್ಪರ್ಧೆಯಿಲ್ಲ. ಈ ಗಂಟನ್ನು ಬಿಚ್ಚಿದ್ದು ಮನವಿ, ನಿಯಮಾವಳಿಯ ತಿದ್ದುಪಡಿ, ಮತದಾನ. ಅಮೆರಿಕದ ಪ್ಯಾಮ್ ಬೋಟ್ಲರ್ ಕಟ್ಟಿದ ವಿಮೆನ್‌ಕ್ಯಾನ್ ಇಂಟರ್‌ನ್ಯಾಷನಲ್‌ನಂಥ ಗುಂಪುಗಳು ಬಿಡದೆ ಮಾಡಿದ ಕೆಲಸ. 2010ರಲ್ಲಿ ಪೋಲೆಂಡಿನ ಪೊಜ್ನಾನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ 200 ಮೀಟರ್ ಕೆನೋ ಸೇರಿತು. ಅಲ್ಲಿ ಗೆದ್ದ ಕೆನಡಾದ ಲಾರೆನ್ಸ್ ವಿನ್ಸೆಂಟ್-ಲಪ್ವಾಂತ್‌ಗೆ ಆಗ 18 ವರ್ಷ. ಒಲಿಂಪಿಕ್ಸ್‌ನಲ್ಲಿ ಮಂಡಿಯೂರುವ ಹೊತ್ತಿಗೆ 29. ನಡುವೆ ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆದರೂ ಲಂಡನ್, ರಿಯೊ ಎರಡೂ ಒಲಿಂಪಿಕ್ಸ್‌ಗಳಲ್ಲಿ ಆಕೆಗೆ ಸ್ಪರ್ಧೆಯೇ ಇರಲಿಲ್ಲ. ಟೋಕಿಯೊದಲ್ಲಿ ಬೆಳ್ಳಿ ಬಂತು. ಚಿನ್ನ ಗೆದ್ದದ್ದು ಅಮೆರಿಕದ 19 ವರ್ಷದ ನೆವಿನ್ ಹ್ಯಾರಿಸನ್. ಹನ್ನೊಂದು ವರ್ಷ ಕಾಯಿಸಿದ ಆ ಖಾಲಿ ಸಾಲಿನ ಬೆಲೆಯನ್ನು ಯಾರೂ ತುಂಬಿಕೊಡಲಾರರು.

ಇದಕ್ಕೆ ಬರುವ ಗಟ್ಟಿ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಟೋಕಿಯೊದಲ್ಲಿ ಸ್ಪರ್ಧೆಗಳ ಒಟ್ಟು ಸಂಖ್ಯೆ 16 ಆಗಿಯೇ ಉಳಿದು, 8 ಗಂಡಸರಿಗೆ, 8 ಮಹಿಳೆಯರಿಗೆ ಎಂದಾಯಿತು. ಅಂದರೆ ಗಂಡಸರ 200 ಮೀಟರ್ ಕೆನೋ, 200 ಮೀಟರ್ ಇಬ್ಬರ ಕಯಾಕ್, ಸ್ಲಾಲಂನ ಇಬ್ಬರ ಕೆನೋ ಹೊರಬಿದ್ದವು. ವರ್ಷಗಟ್ಟಲೆ ಬೆವರು ಹರಿಸಿದವರ ಸ್ಪರ್ಧೆ ಕೈತಪ್ಪಿದ್ದು ನಿಜವಾದ ನೋವು. ಆದರೆ ಅವರು ಕಳೆದುಕೊಂಡದ್ದಕ್ಕೆ ಹೆಸರಿತ್ತು, ದಾಖಲೆಯಿತ್ತು, ಕೇಳುವ ದನಿಯಿತ್ತು. ಹೆಣ್ಣುಮಕ್ಕಳು ಕಳೆದುಕೊಂಡದ್ದು ಎಂದೂ ಇಲ್ಲದ ಸ್ಪರ್ಧೆಯನ್ನಾದ್ದರಿಂದ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಸ್ಪರ್ಧೆಗಳಿಗೆ ಮಿತಿ ಹಾಕಿದ ಮೇಲೆ ಹಂಚಿಕೊಂಡು ಉಣ್ಣುವುದೇ ನ್ಯಾಯ. ಇನ್ನು ಗುಣಮಟ್ಟ ಕುಸಿಯುತ್ತದೆ ಎಂದವರಿಗೆ ನೀರೇ ಉತ್ತರ ಕೊಟ್ಟಿದೆ. ಟೋಕಿಯೊದಲ್ಲಿ 200 ಮೀಟರ್ ಚಿನ್ನಕ್ಕೆ ಸಾಕಾದದ್ದು 45.93 ಸೆಕೆಂಡ್, 2024ರ ಪ್ಯಾರಿಸ್‌ನಲ್ಲಿ ಕೆನಡಾದ ಕೇಟಿ ವಿನ್ಸೆಂಟ್ 44.12 ಸೆಕೆಂಡ್‌ನಲ್ಲಿ ಗೆದ್ದರು. ಗಾಳಿ, ನೀರು ಬದಲಾದಂತೆ ಸಮಯವೂ ಬದಲಾಗುತ್ತದೆ ಎಂಬುದನ್ನು ಒಪ್ಪಿಯೇ ಹೇಳುತ್ತೇನೆ, ಪ್ಯಾರಿಸ್‌ನಲ್ಲಿ ಮೊದಲ ಇಬ್ಬರ ನಡುವಿದ್ದ ಅಂತರ ಸೆಕೆಂಡಿನ ನೂರನೇ ಒಂದು ಭಾಗ. ಗುಣಮಟ್ಟ ಸ್ಪರ್ಧೆಯನ್ನು ತರುವುದಿಲ್ಲ; ಸ್ಪರ್ಧೆ ಗುಣಮಟ್ಟವನ್ನು ತರುತ್ತದೆ.

ನಮ್ಮ ದೇಶದ ಮಟ್ಟಿಗೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದವರು ಪ್ರಾಚಿ ಯಾದವ್. ಭೋಪಾಲದ ಕೆರೆಯಲ್ಲಿ ಪಳಗಿದ ಅವರು ಪ್ಯಾರಾಲಿಂಪಿಕ್ಸ್ ಕೆನೋಯಿಂಗ್‌ಗೆ ಭಾರತದಿಂದ ಹೋದ ಮೊದಲಿಗರು. ಟೋಕಿಯೊದಲ್ಲಿ ಫೈನಲ್ ತಲುಪಿ ಎಂಟನೆಯವರಾದರು. ಅವರು ಸ್ಪರ್ಧಿಸಿದ ಮಹಿಳೆಯರ ವಿಎಲ್2 ವಿಭಾಗ, ಪಕ್ಕಕ್ಕೆ ಆಸರೆಯ ತೇಲುಮರ ಕಟ್ಟಿದ ದೋಣಿಯದು, ಪ್ಯಾರಾಲಿಂಪಿಕ್ಸ್‌ಗೆ ಸೇರಿದ್ದೇ ಆ ಕೂಟದಲ್ಲಿ. ಐದು ವರ್ಷ ಮೊದಲು ಇದೇ ಬಲ, ಇದೇ ಹಟ ಇದ್ದಿದ್ದರೂ ಆ ಗೆರೆಯಲ್ಲಿ ಅವರಿಗೆ ಜಾಗವಿರುತ್ತಿರಲಿಲ್ಲ. ಆಮೇಲೆ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನವನ್ನೂ ಬೆಳ್ಳಿಯನ್ನೂ ತಂದರು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದ ಒಂದು ಸಾಲು ಇಲ್ಲಿನ ಕೆರೆಯವರೆಗೆ ತಲುಪುವುದು ಹೀಗೆ. ಅದೇ ರೀತಿ ಇಲ್ಲಿನ ಸಮಿತಿಯ ಸಣ್ಣ ಸಾಲೂ ದೊಡ್ಡದೇ. ಓಟದ ದೋಣಿಗಳು ಹುಟ್ಟು ಹಾಕುವವರ ತೂಕಕ್ಕೆ ತಕ್ಕ ಅಳತೆಗಳಲ್ಲಿ ಬರುತ್ತವೆ. ಭಾರದ ಆಳಿಗೆಂದು ಮಾಡಿದ ದೋಣಿಯಲ್ಲಿ ಹಗುರದ ಹುಡುಗಿ ಕೂತರೆ ಅದು ನೀರಿನ ಮೇಲೆ ಎತ್ತರಕ್ಕೆ ತೇಲಿ ತೂಗಾಡುತ್ತದೆ, ಗಾಳಿಗೆ ಸಿಕ್ಕುತ್ತದೆ. ದಡದಲ್ಲಿ ನಿಂತವರು ಅದನ್ನು ಹುಡುಗಿಯ ಅಂಜಿಕೆ ಎಂದು ಓದುತ್ತಾರೆ. ಟೆಂಡರಿನಲ್ಲಿ ಅಳತೆಯ ಒಂದು ಕಾಲಂ ಸೇರಿಸುವ ಒಬ್ಬರು ಸಭೆಯಲ್ಲಿದ್ದರೆ ಆ ತಪ್ಪು ಅಲ್ಲಿಗೇ ಮುಗಿಯುತ್ತದೆ. ಗಾಳಿ ಏಳುವ ಮುನ್ನ, ನಸುಕಿನಲ್ಲಿ ನಡೆಯುವ ಅಭ್ಯಾಸಕ್ಕೆ ಸುರಕ್ಷಿತವಾಗಿ ಬಂದುಹೋಗುವ ವ್ಯವಸ್ಥೆ, ದಡದಲ್ಲಿ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ದೂರು ಕೇಳುವ ಸಮಿತಿ ಎಲ್ಲವೂ ಇಂಥ ಸಾಲುಗಳೇ.

ಹಾಗಾದರೆ ಸಭೆಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಬೇಕೇ, ಅರ್ಹತೆ ಸಾಲದೇ ಎಂದು ಕೇಳುವವರಿದ್ದಾರೆ. 1894ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1981ರಲ್ಲಿ. ಅದಕ್ಕೆ ಮೊದಲ ಅಧ್ಯಕ್ಷೆಯಾಗಿ ಕರ್ಸ್ಟಿ ಕೊವೆಂಟ್ರಿ ಬಂದದ್ದು 2025ರಲ್ಲಿ. 1927ರ ನಮ್ಮ ಒಲಿಂಪಿಕ್ ಸಂಸ್ಥೆಗೆ ಮೊದಲ ಅಧ್ಯಕ್ಷೆಯಾಗಿ ಪಿ.ಟಿ. ಉಷಾ ಬಂದದ್ದು 2022ರಲ್ಲಿ. ಅಷ್ಟೂ ದಶಕಗಳಲ್ಲಿ ಅರ್ಹತೆ ಗಂಡಸರಲ್ಲಿ ಮಾತ್ರ ಇತ್ತೆಂದು ನಂಬುವುದು ಕಷ್ಟ. ಒಂದೇ ಬದಿಗೆ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಬದಿಗೆ ತಿರುಗುತ್ತದೆ. ಕೆನೋದವರು ಪ್ರತಿ ಹುಟ್ಟಿನ ಕೊನೆಗೂ ಅದನ್ನು ತಿದ್ದಿಕೊಳ್ಳುತ್ತಲೇ ಹೋಗಬೇಕು. ಅದನ್ನು ಯಾರೂ ಪಕ್ಷಪಾತ ಎನ್ನುವುದಿಲ್ಲ. ಮೀಸಲು ಸ್ಥಾನವೂ ಅಂಥದೇ ತಿದ್ದುಪಡಿ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಗೆ 15 ಮಂದಿಯ ಮಿತಿ ಹಾಕಿ, ಕನಿಷ್ಠ 4 ಮಂದಿ ಮಹಿಳೆಯರಿರಬೇಕೆಂದಿದೆ. ಸಾಧಕ ಕ್ರೀಡಾಪಟುಗಳಿಗೂ ಸ್ಥಾನವಿಟ್ಟಿದೆ. ನಾಲ್ಕು ಎಂಬ ಸಂಖ್ಯೆಗೆ ಅರ್ಥವಿದೆ. ಒಬ್ಬಳೇ ಇದ್ದರೆ ಅವಳ ಮಾತು ಇಡೀ ಹೆಣ್ಣುಕುಲದ ಮಾತಾಗಿಬಿಡುತ್ತದೆ. ನಾಲ್ವರಿದ್ದರೆ ಅವರು ತಮ್ಮತಮ್ಮಲ್ಲೇ ಒಪ್ಪದಿರಬಹುದು. ಆಗಷ್ಟೇ ಅದು ಆಡಳಿತವಾಗುತ್ತದೆ.

ಮಹಿಳೆ ಕೂತ ಮಾತ್ರಕ್ಕೆ ಮಹಿಳೆಯರಿಗೆ ನ್ಯಾಯ ಸಿಕ್ಕಿಬಿಡುತ್ತದೆಂದು ನಾನು ಹೇಳುವುದಿಲ್ಲ. ಪದಕ ಗೆದ್ದವರೆಲ್ಲ ಒಳ್ಳೆಯ ಆಡಳಿತಗಾರರೂ ಅಲ್ಲ. ಆಟ ಕಲಿಸುವ ಸಹನೆ ಆಡಳಿತಕ್ಕೆ ಒದಗುತ್ತದೆ, ಆದರೆ ಬಜೆಟ್ ಓದುವುದನ್ನು, ಉಪವಿಧಿ ಬರೆಯುವುದನ್ನು, ಸಭೆಯ ನಡಾವಳಿಯಲ್ಲಿ ತನ್ನ ಅಸಮ್ಮತಿ ದಾಖಲಾಗುವಂತೆ ನೋಡಿಕೊಳ್ಳುವುದನ್ನು ಬೇರೆಯಾಗಿಯೇ ಕಲಿಯಬೇಕು. ಆಸ್ಟ್ರೇಲಿಯಾದ ಜೆಸ್ಸಿಕಾ ಫಾಕ್ಸ್ ಪ್ಯಾರಿಸ್‌ನಲ್ಲಿ ಸ್ಲಾಲಂನ ಎರಡು ಚಿನ್ನ ಗೆದ್ದರು, ಅದೇ ಕೂಟದಲ್ಲಿ ಸಹ ಆಟಗಾರರ ಮತದಿಂದ ಒಲಿಂಪಿಕ್ ಸಮಿತಿಯ ಕ್ರೀಡಾಪಟುಗಳ ಆಯೋಗಕ್ಕೂ ಆರಿಸಿಬಂದರು. ಆಟ ಮುಗಿದ ಮೇಲೆ ಆಡಳಿತ ಎಂದು ಕಾಯಬೇಕಿಲ್ಲ. ಆಡುತ್ತಿರುವಾಗಲೇ ಅದನ್ನು ಕಲಿಯಬಹುದು.

ಶರಾವತಿಯ ಹಿನ್ನೀರಿನಿಂದ ಕಾಳಿ ನದಿಯವರೆಗೆ ನಮ್ಮ ರಾಜ್ಯದಲ್ಲಿ ನೀರಿಗೂ ಹುಟ್ಟು ಹಿಡಿಯಬಲ್ಲ ಹುಡುಗಿಯರಿಗೂ ಕೊರತೆಯಿಲ್ಲ. ಅವರಿಗೆ ನಾನು ಹೇಳುವುದಿಷ್ಟೇ. ಅಭ್ಯಾಸ ಬಿಡಬೇಡಿ. ಜೊತೆಗೆ ನಿಮ್ಮ ಸಂಘದ ನಿಯಮಾವಳಿಯ ಪ್ರತಿ ಕೇಳಿ ಪಡೆಯಿರಿ, ಓದಿ, ಯಾವ ಸಾಲಿನಲ್ಲಿ ನೀವಿಲ್ಲವೆಂದು ಗುರುತು ಹಾಕಿ, ಮುಂದಿನ ಸಭೆಗೆ ಹೋಗಿ ಕೂತುಕೊಳ್ಳಿ.