ಕೊಡುವುದೆಷ್ಟು ಎಂದು ಹೇಳಿಬಿಡು

ಮಲ್ಕಾಜ್‌ಗಿರಿ

ಪ್ರೀತಿಯ ಮಗಳೆ,

ಅಪ್ಪನಿಂದ ದೂರವಾದರೆ ನಾನು ಕೆಟ್ಟ ಮಗಳಾಗುತ್ತೇನಾ ಎಂದು ಕೇಳಿದ್ದೀ. ಆಗುವುದಿಲ್ಲ. ಆದರೆ ದೂರವಾಗುವ ಮುಂಚೆ ಮಾಡಿನೋಡಬೇಕಾದ ಕೆಲಸವೊಂದು ಉಳಿದಿದೆ. ಏನು ಕೊಡುತ್ತೀ, ಏನು ಕೊಡುವುದಿಲ್ಲ ಎಂದು ನೀನಿನ್ನೂ ಅವರಿಗೆ ಬಾಯಿಬಿಟ್ಟು ಹೇಳಿಲ್ಲ. ಸಂಬಳ ಬಂದ ದಿನವೇ ಊರಲ್ಲಿ, ಸೇಡಂನಲ್ಲಿ, ಅಪ್ಪ ನಿನ್ನ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆದಾಗಿರುತ್ತದೆ. ಇಲ್ಲಿ ನೀನು ಲೋಕಲ್ ರೈಲಿನ ಟಿಕೆಟ್ಟಿಗೂ ಗೆಳತಿಯ ಹತ್ತಿರ ಕೈಸಾಲ ಕೇಳುತ್ತೀ. ಫೋನ್ ಎತ್ತದಿದ್ದರೆ ಆಫೀಸಿಗೇ ಕರೆ ಬರುತ್ತದೆ. ಅಳುತ್ತೀ, ಸುಮ್ಮನಾಗುತ್ತೀ. ನೀನು ಸುಮ್ಮನಿರುವುದನ್ನೇ ಅವರು ಒಪ್ಪಿಗೆ ಎಂದುಕೊಂಡಿದ್ದಾರೆ.

ನಮ್ಮ ಕಡೆ ಮಕ್ಕಳಿಗೆ ಶ್ರವಣಕುಮಾರನ ಕಥೆ ಹೇಳುತ್ತಾರೆ, ಯದುವಿನ ಕಥೆ ಹೇಳುವುದಿಲ್ಲ. ಮುಪ್ಪಿನ ಶಾಪ ಹೊತ್ತ ಯಯಾತಿ ಮಕ್ಕಳ ಹತ್ತಿರ ತಾರುಣ್ಯ ಬೇಡಿದಾಗ ಮೊದಲು ಒಲ್ಲೆ ಎಂದವನು ಹಿರಿಮಗ ಯದು. ಅಪ್ಪ ಶಪಿಸಿದ, ರಾಜ್ಯ ತಪ್ಪಿತು. ಆದರೂ ಕೃಷ್ಣ ಹುಟ್ಟಿದ್ದು ಆ ಯದುವಿನ ವಂಶದಲ್ಲೇ. ಹೂಂ ಎಂದ ಇನ್ನೊಬ್ಬ ಮಗ ಪುರುವಿನ ಪಾಡು ಏನಾಯಿತು ಎಂದು ಗಿರೀಶ ಕಾರ್ನಾಡರ ‘ಯಯಾತಿ’ ತೋರಿಸುತ್ತದೆ. ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಟ ಹೊತ್ತು ಅದು. ಮಗ ಕೈತಪ್ಪಿಹೋದಾನು ಎಂದು ಮನೆಯವರಿಗೆ ಆತಂಕ. ಆಗ ಬರೆದ ನಾಟಕ 1961ರಲ್ಲಿ ಅಚ್ಚಾಯಿತು. ಅದರಲ್ಲಿ ಮಗನ ತ್ಯಾಗಕ್ಕೆ ಪ್ರಾಣ ತೆರುವವಳು ಅವನ ಹೆಂಡತಿ ಚಿತ್ರಲೇಖೆ. ನಿನ್ನನ್ನು ಪೂರ್ತಿ ಕೊಟ್ಟುಬಿಟ್ಟರೆ ಮುಂದೆ ನಿನ್ನ ಜೊತೆ ಬಾಳುವವರ ಪಾಲಿಗೆ ಏನು ಉಳಿಯುತ್ತದೆ ಎಂದು ನನಗೆ ಚಿಂತೆ.

ಕೋರ್ಟಿಗೆ ಎಳೆಯುತ್ತೇನೆ ಎಂದು ಅಪ್ಪ ಹೆದರಿಸಿದ್ದಾರೆ ಅಂತ ಬರೆದಿದ್ದೀ. ಕಾನೂನು ಇರುವುದು ನಿಜ. ಸ್ವಂತ ದುಡಿಮೆಯಿಂದಲೋ ಆಸ್ತಿಯಿಂದಲೋ ಬದುಕು ಸಾಗದ ತಂದೆತಾಯಿ, 2007ರ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಊರಿನ ಉಪವಿಭಾಗಾಧಿಕಾರಿ (ಎಸಿ) ಮುಂದೆ ಅರ್ಜಿ ಹಾಕಬಹುದು, ನೀನಿರುವ ಮಲ್ಕಾಜ್‌ಗಿರಿಯ ಕಂದಾಯ ವಿಭಾಗಾಧಿಕಾರಿ (ಆರ್‌ಡಿಓ) ಮುಂದೆಯೂ ಹಾಕಬಹುದು. ಆ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ ಗರಿಷ್ಠ ಮಿತಿ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆ ಮದುವೆಯಾದ ಮಗಳಿಗೂ ತಪ್ಪಿದ್ದಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಇದು ನ್ಯಾಯವೇ, ನಾನು ಒಪ್ಪುತ್ತೇನೆ. ಆದರೆ ಕಾಯ್ದೆ ಜೀವನಾಂಶ ಅನ್ನುವುದು ಊಟ, ಬಟ್ಟೆ, ಮನೆ, ಔಷಧೋಪಚಾರಕ್ಕೆ. ನಿನ್ನ ಕಾರ್ಡು, ಫೋನಿನ ಪಾಸ್‌ವರ್ಡು, ಯಾರನ್ನು ಮದುವೆಯಾಗಬೇಕೆಂಬ ತೀರ್ಮಾನ ಅದರಲ್ಲಿ ಎಲ್ಲೂ ಬರುವುದಿಲ್ಲ.

ಅಪ್ಪನ ಕಿರಾಣಿ ಅಂಗಡಿ ಇನ್ನೂ ನಡೆಯುತ್ತಿದೆ. ಪಿಂಚಣಿ ಇಲ್ಲದ ಮನುಷ್ಯ, ನಾಳೆ ಕೈಕಾಲು ನಿಂತರೆ ಗತಿಯೇನು ಎಂಬ ಭಯ ಅವರಿಗಿದೆ. ಆ ಭಯ ನನಗೆ ಅರ್ಥವಾಗುತ್ತದೆ, ನೀನೂ ಅರ್ಥಮಾಡಿಕೊ. ಅದಕ್ಕೇ ಹೇಳುತ್ತೇನೆ, ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆಗೂ ಮನೆ ರೇಷನ್ನಿಗೂ ಎಷ್ಟು ಬೇಕೋ ಲೆಕ್ಕ ಹಾಕು. ಹೊಸ ಖಾತೆ ತೆರೆದು ಸಂಬಳ ಅಲ್ಲಿಗೆ ಬರುವಂತೆ ಮಾಡಿಸು. ಆಮೇಲೆ ಹೇಳು. ಫೋನಿನಲ್ಲಿ ಬೇಡ, ಬರೆದು ಕಳಿಸು: ‘ಅಪ್ಪಾ, ಪ್ರತಿ ತಿಂಗಳು ಐದನೇ ತಾರೀಖಿಗೆ ಇಷ್ಟು ಹಣ ಅವ್ವನ ಖಾತೆಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಬೈಗುಳ ಶುರುವಾದರೆ ಫೋನ್ ಇಡುತ್ತೇನೆ, ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ಆಫೀಸಿಗೆ ಫೋನ್ ಮಾಡಬೇಡಿ.’ ಇಷ್ಟು ಸಾಕು. ಚಿಕ್ಕಂದಿನಿಂದ ಆದ ನೋವನ್ನೆಲ್ಲ ಈ ಕಾಗದದಲ್ಲಿ ತೋಡಿಕೊಳ್ಳಬೇಡ. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ, ಜಗಳಕ್ಕೆ ಮಾತ್ರ ಆಸ್ಪದ.

ಮೊದಮೊದಲು ಗದ್ದಲ ಇನ್ನೂ ಜೋರಾಗುತ್ತದೆ. ಕಾಕಾ, ಮಾವ, ಅತ್ತೆ, ಎಲ್ಲರೂ ಸರದಿಯ ಮೇಲೆ ಫೋನ್ ಮಾಡುತ್ತಾರೆ. ಸಾಕಿ ಸಲಹಿದ್ದಕ್ಕೆ ಇದೇನಾ ಪ್ರತಿಫಲ ಅನ್ನುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡ. ‘ಅಪ್ಪನಿಗೆ ಬರೆದಿದ್ದೇನೆ, ಅವರನ್ನೇ ಕೇಳಿ’ ಅನ್ನು, ಮುಗಿಸು. ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟರೂ ಗಾಬರಿ ಬೇಡ. ಹದಿನೆಂಟು ದಾಟಿದವಳು ನೀನು. ಠಾಣೆಗೆ ನಾನೂ ಜೊತೆಗೆ ಬರುತ್ತೇನೆ. ಸ್ವಂತ ಇಚ್ಛೆಯಿಂದ ಇಲ್ಲಿದ್ದೇನೆ ಎಂದು ಹೇಳಿಕೆ ಬರೆದುಕೊಟ್ಟು ಬರೋಣ.

ಒಂದು ವಿಷಯದಲ್ಲಿ ಮಾತ್ರ ತಾಳ್ಮೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಕಳೆದ ದೀಪಾವಳಿಗೆ ಅಪ್ಪ ನಿನ್ನ ಮೇಲೆ ಕೈ ಮಾಡಿದ್ದಾರೆ. ಹಾಗಾಗಿ ಸದ್ಯಕ್ಕೆ ಊರಿಗೆ ಒಬ್ಬಳೇ ಹೋಗಬೇಡ, ರಾತ್ರಿ ಉಳಿಯಲೂಬೇಡ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡನಿಂದ ಮಾತ್ರವಲ್ಲ, ಅಪ್ಪನಿಂದಲೂ ರಕ್ಷಣೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ರಾತ್ರಿ ನಿದ್ದೆ ಬಾರದೆ ಎದೆ ಬಿಗಿದಾಗ 14416ಕ್ಕೆ ಮಾಡು, ಅದು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದೇ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟಾದ ಮೇಲೂ ಅಪ್ಪ ಬದಲಾಗದಿದ್ದರೆ ಮಾತು ನಿಲ್ಲಿಸು. ಆಗ ಯಾರು ಏನೆಂದರೂ ತಪ್ಪು ನಿನ್ನದಲ್ಲ. ಅವ್ವನ ಖಾತೆಗೆ ಹೋಗುವ ದುಡ್ಡು ಮಾತ್ರ ನಿಲ್ಲದಿರಲಿ. ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂಬಂಥ ಆಣೆ ಹಾಕಬೇಡ. ಅವ್ವನಿಗೆ ನಿನ್ನನ್ನು ನೋಡಬೇಕೆನಿಸಿದರೆ ತಾಂಡೂರಿನ ಮೇಲಿಂದ ರೈಲಿದೆ, ನಮ್ಮ ಮನೆಯಲ್ಲಿ ಇಳಿದುಕೊಳ್ಳಲಿ. ಅಪ್ಪನ ಬಗ್ಗೆ ಅವ್ವನ ಬಾಯಿಂದ ದೂರು ಹೇಳಿಸಬೇಡ, ಅವರು ಆ ಮನೆಗೇ ವಾಪಸ್ ಹೋಗಬೇಕಲ್ಲ.

ಈ ವಾರ ಬ್ಯಾಂಕಿನ ಕೆಲಸ ಮುಗಿಸು. ಕಾಗದದ ಕರಡು ತಗೊಂಡು ಶನಿವಾರ ಸಂಜೆ ಸಫಿಲ್‌ಗುಡಕ್ಕೆ ಬಾ, ಇಬ್ಬರೂ ಕೂತು ಓದೋಣ. ಊಟ ಇಲ್ಲೇ.

ನಿನ್ನ,
ದೊಡ್ಡವ್ವ